ಒಂದು ದೀಪಕ್ಕೆ 697 ಕೋಟಿ ಪ್ರತಿಬಿಂಬ

ಕಡೂರಿನ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲೋ, ತರೀಕೆರೆಯ ಪೇಟೆಯಲ್ಲೋ, ಅಜ್ಜಂಪುರದಲ್ಲೋ ಒಂದು ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಎದುರಿಗೊಂದು ಕನ್ನಡಿ, ಬೆನ್ನ ಹಿಂದೊಂದು ಕನ್ನಡಿ, ನಡುವೆ 2 ಮೀಟರ್ ಅಂತರ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದಮೇಲೆ ಆ ಪುಟ್ಟ ಅಂಗಡಿಯಲ್ಲಿ ಅದು ಒಂದು ಸೆಕೆಂಡಿಗೆ ಈ ಕನ್ನಡಿಯಿಂದ ಆ ಕನ್ನಡಿಗೆ 15 ಕೋಟಿ ಸಲ ಹಾಯಬಲ್ಲದು. ಕತ್ತರಿ ಒಮ್ಮೆ ತೆರೆದು ಮುಚ್ಚುವಷ್ಟರಲ್ಲಿ ಕೋಟಿಗಟ್ಟಲೆ ಸಲ.

ನೀವು ಎರಡೂ ಕನ್ನಡಿಗಳಿಗೆ ಸಮದೂರದಲ್ಲಿ ಕೂತಿದ್ದರೆ ಎದುರು ಕನ್ನಡಿಯಲ್ಲಿ 2 ಮೀಟರ್ ದೂರಕ್ಕೆ ನಿಮ್ಮ ಮುಖ ಕಾಣುತ್ತದೆ. 4 ಮೀಟರ್ ದೂರಕ್ಕೆ ನಿಮ್ಮ ಹಿಂದಲೆ. 6 ಮೀಟರಿಗೆ ಮತ್ತೆ ಮುಖ, 8ಕ್ಕೆ ಹಿಂದಲೆ. ಹೀಗೆ ಪ್ರತಿ ಪ್ರತಿಫಲನಕ್ಕೂ ಎರಡೆರಡು ಮೀಟರ್ ಹಿಂದೆ ಸರಿಯುತ್ತ ಒಂದು ಸಾಲು ಬೆಳೆಯುತ್ತದೆ. ಹತ್ತನೆಯ ಪ್ರತಿಬಿಂಬ 20 ಮೀಟರ್ ಆಚೆ, ಅಂಗಡಿಯ ಗೋಡೆ ದಾಟಿ ರಸ್ತೆಯಲ್ಲಿ ನಿಂತಿರುತ್ತದೆ. ಐವತ್ತನೆಯದು 100 ಮೀಟರ್ ಆಚೆ. ಅದು ತೋರಿಸುವುದು ಈ ಕ್ಷಣದ ನಿಮ್ಮನ್ನಲ್ಲ. ಒಂದು ಸೆಕೆಂಡನ್ನು 30 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಹಿಂದಿನ ನಿಮ್ಮನ್ನು. ಕೊನೆಕೊನೆಯ ಮುಖಗಳು ಹಸಿರಿಗೆ ತಿರುಗಿರುವುದನ್ನೂ ನೋಡಿರುತ್ತೀರಿ. ಸಾಮಾನ್ಯ ಗಾಜಿನಲ್ಲಿರುವ ಕಬ್ಬಿಣದ ಅಂಶ ಕೆಂಪನ್ನೂ ನೀಲಿಯನ್ನೂ ಹಸಿರಿಗಿಂತ ತುಸು ಹೆಚ್ಚು ಹೀರುತ್ತದೆ. ಒಂದು ಸಲಕ್ಕೆ ಗೊತ್ತಾಗದ ಆ ತುಸು, ಇಪ್ಪತ್ತು ಮೂವತ್ತು ಸಲ ಗಾಜು ಹಾಯ್ದ ಮೇಲೆ ಬಣ್ಣವಾಗಿ ಕಣ್ಣಿಗೆ ಬೀಳುತ್ತದೆ.

ಈ ಸಾಲು ಎಲ್ಲಿಯವರೆಗೆ ಹೋಗುತ್ತದೆ? ‘ಅನಂತ’ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಸಮಾನಾಂತರವಾಗಿ ಎದುರುಬದುರು ನಿಂತ ಕನ್ನಡಿಗಳಿಗೆ ಪುಸ್ತಕದ ಉತ್ತರ ಅದೇ, ರೇಖಾಗಣಿತದ ಪ್ರಕಾರ ಅದು ಸರಿಯೂ ಹೌದು. ಹಾಗಿದ್ದರೆ ಆ ಅನಂತವನ್ನು ನಮ್ಮ ಸೀಮೆಯಲ್ಲೇ ಅಳೆದು ನೋಡೋಣ.

ಕಡೂರಿನಿಂದ ತರೀಕೆರೆಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 28 ಕಿಲೋಮೀಟರ್. ಕಡೂರಿನ ಅಂಗಡಿಯಲ್ಲಿ ಕೂತವರ 14,000ನೆಯ ಪ್ರತಿಬಿಂಬ ಬೀಳಬೇಕಾದದ್ದು ತರೀಕೆರೆಯಲ್ಲಿ. ಆದರೆ ಮನೆ, ಅಂಗಡಿಗಳ ಕನ್ನಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚೆಂದರೆ ನೂರಕ್ಕೆ ತೊಂಬತ್ತರಷ್ಟನ್ನು ಹಿಂದಿರುಗಿಸುತ್ತದೆ. ಹತ್ತನೆಯ ಸಲಕ್ಕೆ ಉಳಿಯುವುದು ಶೇಕಡಾ 35. ಇಪ್ಪತ್ತನೆಯ ಸಲಕ್ಕೆ 12. ನಲವತ್ನಾಲ್ಕನೆಯ ಸಲಕ್ಕೆ ಶೇಕಡಾ 1. 14,000ನೆಯ ಸಲಕ್ಕೆ ಉಳಿಯುವ ಪಾಲನ್ನು ಬರೆಯಬೇಕಾದರೆ 1ರ ಮುಂದೆ 640 ಸೊನ್ನೆ ಹಾಕಿ, ಆ ಸಂಖ್ಯೆಯಿಂದ ಭಾಗಿಸಬೇಕು. ನಾವು ಕಾಣಬಲ್ಲ ಇಡೀ ವಿಶ್ವದಲ್ಲಿರುವ ಪರಮಾಣುಗಳ ಅಂದಾಜು ಸಂಖ್ಯೆಗೇ 80 ಸೊನ್ನೆ ಸಾಕು.

ಬೆಳಕೂ ಬಿಡಿಬಿಡಿ ಕಣವಾಗಿ ಬರುವಂಥದ್ದು. ಕಣವನ್ನು ಫೋಟಾನ್ ಎನ್ನುತ್ತೇವೆ. ಒಂದು ಫೋಟಾನನ್ನು ಅರ್ಧ ಮಾಡಲು ಬರುವುದಿಲ್ಲ. 10 ವಾಟ್‌ನ ಎಲ್‌ಇಡಿ ಬಲ್ಬು ಸೆಕೆಂಡಿಗೆ ಹೆಚ್ಚುಕಡಿಮೆ 1ರ ಮುಂದೆ 19 ಸೊನ್ನೆಗಳಷ್ಟು, ಅಂದರೆ ಒಂದು ಲಕ್ಷ ಕೋಟಿ ಕೋಟಿ ಫೋಟಾನುಗಳನ್ನು ಚೆಲ್ಲುತ್ತದೆ. ಅಷ್ಟನ್ನೂ ಒಂದೂ ಆಚೀಚೆ ಹೋಗದಂತೆ ಆ ಎರಡು ಕನ್ನಡಿಗಳ ನಡುವೆಯೇ ಓಡಿಸಿದರೂ 415ನೆಯ ಪ್ರತಿಫಲನ ದಾಟುವಷ್ಟರಲ್ಲಿ ಸೆಕೆಂಡಿಗೆ ಒಂದು ಫೋಟಾನಿನಷ್ಟೂ ಉಳಿದಿರುವುದಿಲ್ಲ. 415ನ್ನು 2 ಮೀಟರಿನಿಂದ ಗುಣಿಸಿ: 830 ಮೀಟರ್. ಕಟಿಂಗ್ ಶಾಪಿನ ಅನಂತ ಕಿಲೋಮೀಟರ್ ಕೂಡ ನಡೆಯದೆ, ಕಡೂರು ಪೇಟೆಯೊಳಗೇ ಮುಗಿದುಹೋಯಿತು. ನನ್ನನ್ನು ಬೆರಗುಗೊಳಿಸುವುದು ಅನಂತ ಎಂಬ ಮಾತಿಗಿಂತ ಹೆಚ್ಚಾಗಿ ಈ 415. ಒಂದರ ಮುಂದೆ ಹತ್ತೊಂಬತ್ತು ಸೊನ್ನೆಯಷ್ಟು ಆಸ್ತಿಯನ್ನು ಸಲಕ್ಕೆ ಹತ್ತನೇ ಒಂದು ಭಾಗದಂತೆ ಕಳೆಯುತ್ತ ಹೋದರೆ ಬರಿದಾಗಲು ಇಷ್ಟೇ ಸಲ ಸಾಕು.

ಕನ್ನಡಿಗಳು ಎದುರುಬದುರಾಗದೆ ಒಂದಕ್ಕೊಂದು ಕೋನದಲ್ಲಿ ಸೇರಿದರೆ ಲೆಕ್ಕ ಬೇರೆ. ಆಗ ಪ್ರತಿಬಿಂಬಗಳು ಸಾಲಾಗಿ ಓಡಿಹೋಗುವುದಿಲ್ಲ, ಕನ್ನಡಿ ಸೇರುವ ಗೆರೆಯ ಸುತ್ತ ವೃತ್ತದಲ್ಲಿ ಕೂರುತ್ತವೆ. 360ನ್ನು ಕೋನದಿಂದ ಭಾಗಿಸಿ ಒಂದು ಕಳೆಯಿರಿ ಎಂಬ ಹೈಸ್ಕೂಲಿನ ಸೂತ್ರ ನೆನಪಿರಬಹುದು. 90 ಡಿಗ್ರಿಗೆ 3, 60ಕ್ಕೆ 5, 45ಕ್ಕೆ 7, 30ಕ್ಕೆ 11, ಒಂದೇ ಡಿಗ್ರಿಗೆ 359. ಕೋನ ಸೊನ್ನೆಗೆ ಇಳಿದರೆ ವೃತ್ತ ಬಿಚ್ಚಿ ನೇರ ಸಾಲಾಗಿ ಮತ್ತೆ ಕಟಿಂಗ್ ಶಾಪಿಗೇ ಬಂದೆವು. ಭಾಗಿಸಿದಾಗ ಸರಿಸಂಖ್ಯೆ ಬಂದರೆ ನೀವು ಕನ್ನಡಿಗಳ ನಡುವೆ ಎಲ್ಲಿ ನಿಂತರೂ ಈ ಲೆಕ್ಕ ತಪ್ಪುವುದಿಲ್ಲ. ಬೇರೇನಾದರೂ ಬಂದರೆ ನಿಂತ ಜಾಗದ ಮೇಲೆ ಪ್ರತಿಬಿಂಬಗಳು ಹೆಚ್ಚುಕಡಿಮೆಯಾಗುತ್ತವೆ, ಅಂಚಿನಲ್ಲಿ ಒಂದು ಮುಖ ಸೀಳಿಹೋಗುತ್ತದೆ.

ಈಗ ಇಡೀ ಸೀಮೆಯ ನಕ್ಷೆಯನ್ನು ಹರವಿಕೊಳ್ಳಿ. ಕಡೂರಿನಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ 20 ಕಿಲೋಮೀಟರಿನ ಸುಮಾರಿಗೆ ಅಜ್ಜಂಪುರ. ಅಜ್ಜಂಪುರದಿಂದ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಅಷ್ಟೇ ದೂರದಲ್ಲಿ ತರೀಕೆರೆ. ಅಜ್ಜಂಪುರದ ಮೂಲೆ ಲಂಬಕೋನಕ್ಕೆ ಬಹಳ ಹತ್ತಿರ, ಉಳಿದೆರಡು ಮೂಲೆಗಳು 45 ಡಿಗ್ರಿಯ ಹತ್ತಿರ. ನಮ್ಮ ಮೂರು ತಾಲ್ಲೂಕು ಕೇಂದ್ರಗಳು ಕಂಪಾಸು ಪೆಟ್ಟಿಗೆಯ ಮೂಲೆಮಟ್ಟದ ಆಕಾರದಲ್ಲಿ ಕೂತಿವೆ.

ಈ ಆಕಾರಕ್ಕೆ ಕನ್ನಡಿಗಳ ಲೋಕದಲ್ಲಿ ವಿಶೇಷ ಸ್ಥಾನವಿದೆ. ಸುತ್ತಲೂ ಸಮತಲ ಕನ್ನಡಿ ಗೋಡೆಗಳಿರುವ ಕೋಣೆ ಕಟ್ಟಬೇಕು, ಅದರ ಪ್ರತಿಬಿಂಬಗಳು ಒಂದರ ಮೇಲೊಂದು ಏರದೆ, ನಡುವೆ ಸಂದಿ ಬಿಡದೆ ಇಡೀ ಬಯಲನ್ನು ತುಂಬಬೇಕು ಎಂದರೆ ಎಷ್ಟು ಬಗೆಯ ಕೋಣೆಗಳಿಂದ ಅದು ಸಾಧ್ಯ? ಕೋನಗಳಿಗೆ ಲೆಕ್ಕವಿಲ್ಲ, ಆಕಾರಗಳಿಗೆ ಲೆಕ್ಕವಿಲ್ಲ. ಆದರೂ ಉತ್ತರ ಕೇವಲ ನಾಲ್ಕು. ಆಯತ, ಮೂರೂ ಕೋನ 60 ಆಗಿರುವ ತ್ರಿಭುಜ, 30, 60, 90ರ ತ್ರಿಭುಜ, 45, 45, 90ರ ತ್ರಿಭುಜ. ಐದನೆಯದಿಲ್ಲ. ನಾಲ್ಕನೆಯ ಆಕಾರಕ್ಕೆ ಕಡೂರು, ಅಜ್ಜಂಪುರ, ತರೀಕೆರೆ ತೀರ ಸಮೀಪ ಬಂದು ನಿಂತಿವೆ.

ಆ ಮೂರು ಊರುಗಳ ನಡುವೆ ಆಕಾಶದೆತ್ತರ ಕನ್ನಡಿ ಗೋಡೆ ಎಬ್ಬಿಸಿ, ಒಳಗಡೆ ಎಲ್ಲಾದರೂ ಒಂದು ದೀಪ ಹಚ್ಚಿದೆವೆನ್ನಿ. ಭೂಮಿಯ ಉಬ್ಬನ್ನು ಸದ್ಯಕ್ಕೆ ಮರೆಯೋಣ. ತ್ರಿಭುಜದ ವಿಸ್ತೀರ್ಣ ಸುಮಾರು 200 ಚದರ ಕಿಲೋಮೀಟರ್, ಅಷ್ಟಗಲಕ್ಕೆ ಒಂದರಂತೆ ದೀಪದ ಪ್ರತಿಬಿಂಬ ಕಾಣುತ್ತದೆ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಅಷ್ಟು ಬಯಲಿನಲ್ಲಿ 950ರ ಸುಮಾರು ದೀಪಗಳು ಉರಿಯುತ್ತಿರುತ್ತವೆ. ಇಡೀ ಭೂಮಿಯ ಮೇಲ್ಮೈಯಷ್ಟು, ಅಂದರೆ 51 ಕೋಟಿ ಚದರ ಕಿಲೋಮೀಟರ್ ಬಯಲಾದರೆ ದೀಪಗಳು 25 ಲಕ್ಷ ದಾಟುತ್ತವೆ. ದೀಪವನ್ನು ಅಜ್ಜಂಪುರದ ಮೂಲೆಗೆ ತಂದಿಟ್ಟರೆ ಪಕ್ಕದಲ್ಲೇ ಮೂರು ಜೊತೆಗಾರ ದೀಪಗಳು, ಒಟ್ಟು ನಾಲ್ಕು. ಕಡೂರಿನ ಮೂಲೆಯಲ್ಲೋ ತರೀಕೆರೆಯ ಮೂಲೆಯಲ್ಲೋ ಇಟ್ಟರೆ ಏಳು ಜೊತೆಗಾರರು, ಒಟ್ಟು ಎಂಟು. ಇಷ್ಟಾದರೂ ಊರುಗಳ ನಿಜವಾದ ಕೋನಗಳು ಕರಾರುವಾಕ್ಕಾಗಿ 90, 45 ಅಲ್ಲ, ಕೆಲವು ಡಿಗ್ರಿ ಆಚೀಚೆ ಇವೆ. ಆ ಕೆಲವು ಡಿಗ್ರಿ ಸಾಕು, ಜೋಡಣೆ ಕೆಡುತ್ತದೆ, ದೂರದ ದೀಪಗಳು ನೋಡುಗರು ಹೆಜ್ಜೆ ಬದಲಿಸಿದಂತೆ ಹುಟ್ಟಿ ಅಳಿಯತೊಡಗುತ್ತವೆ.

ಈ ನಾಲ್ಕರಲ್ಲಿ 60 ಡಿಗ್ರಿಯ ತ್ರಿಭುಜ ನಮ್ಮ ಮಕ್ಕಳಿಗೆ ಗೊತ್ತಿರುವಂಥದ್ದು. ಮೂರು ಗಾಜಿನ ಪಟ್ಟಿ ಕಟ್ಟಿ ಒಳಗೆ ಬಳೆಚೂರು ಹಾಕಿ ತಿರುಗಿಸುತ್ತಾರಲ್ಲ, ಆ ಕೆಲಿಡೋಸ್ಕೋಪು. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಅದಕ್ಕೆ 1817ರಲ್ಲಿ ಪೇಟೆಂಟ್ ಪಡೆದ. ಅದರೊಳಗೆ ಬೇರೆ ಬೇರೆ ಬಣ್ಣದ 20 ಬಳೆಚೂರುಗಳಿದ್ದು, 20 ಜಾಗಗಳಲ್ಲಿ ಅವು ಅದಲುಬದಲಾಗುತ್ತವೆ ಅಂದುಕೊಳ್ಳಿ. ನಿಮಿಷಕ್ಕೆ ಹತ್ತು ಹೊಸ ಚಿತ್ತಾರದಂತೆ ಹಗಲೂ ರಾತ್ರಿ ತಿರುಗಿಸಿದರೆ ಎಲ್ಲ ಚಿತ್ತಾರ ಮುಗಿಯಲು 46,288 ಕೋಟಿ ವರ್ಷ ಬೇಕು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ.

ಇದುವರೆಗೆ ಹೇಳಿದ್ದೆಲ್ಲ ಚಪ್ಪಟೆ ಕನ್ನಡಿಗಳ ಮಾತು. ನಮ್ಮ ಸೀಮೆಯ ನಿಜವಾದ ಅಚ್ಚರಿ ಇರುವುದು ತರೀಕೆರೆಯಿಂದ ಹತ್ತು ಕಿಲೋಮೀಟರಿನಷ್ಟು ದೂರದ ಅಮೃತಾಪುರದಲ್ಲಿ. 1196ರಲ್ಲಿ ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ಕಾಲಕ್ಕೆ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯವದು. ಹೊಯ್ಸಳರ ಹೆಸರಾಂತ ಶಿಲ್ಪಿ ರೂವಾರಿ ಮಲ್ಲಿತಮ್ಮ ಕೆಲಸ ಆರಂಭಿಸಿದ್ದು ಇಲ್ಲಿನ ಮಂಟಪದ ಒಳಚಾವಣಿಗಳಲ್ಲಿ ಎಂದು ತಿಳಿದವರು ಹೇಳುತ್ತಾರೆ. ಅಲ್ಲಿನ ದೊಡ್ಡ ಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ. ಹೊರಗೋಡೆಯಲ್ಲಿ 140 ಫಲಕಗಳು: ರಾಮಾಯಣಕ್ಕೆ 70, ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45. ಬಂದವರು ಇವನ್ನೆಲ್ಲ ನೋಡುತ್ತಾರೆ, ನೋಡಲೇಬೇಕು. ಆದರೆ 29 ಅಂಕಣಗಳ ತೆರೆದ ಮಂಟಪದಲ್ಲಿ ಕಡೆದು ನಯಗೊಳಿಸಿದ ಕಂಬಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಕಡಿಮೆ.

ಕಲ್ಲನ್ನು ತಿರುಗಿಸಿ ಕಡೆದು, ಉಜ್ಜಿ ಹೊಳಪು ಕೊಟ್ಟ ಕಂಬಗಳಿವು. ಉಬ್ಬಿದ ಕಡೆ ನಿಮ್ಮ ಆಕೃತಿ ತೆಳ್ಳಗೆ, ನೆಟ್ಟಗೆ ಕಾಣುತ್ತದೆ. ಬಳೆಯಂಥ ಸುತ್ತುಗಳ ನಡುವೆ ಕಲ್ಲು ಒಳಬಾಗಿದ ಕಡೆ ಅದೇ ಆಕೃತಿ ತಲೆಕೆಳಗಾಗಬಹುದು. ಒಂದು ಕಂಬದ ಬೆಳಕು ಇನ್ನೊಂದರ ಮೇಲೆ, ಅದರದ್ದು ಮತ್ತೊಂದರ ಮೇಲೆ ಬೀಳುತ್ತದೆ.

ಒಂದೇ ಅಂಕಣದ ನಾಲ್ಕು ಕಂಬಗಳನ್ನು ತೆಗೆದುಕೊಳ್ಳಿ. ಲೆಕ್ಕ ಸರಳವಾಗಲೆಂದು ಅವನ್ನು ಬರಿಯ ಉರುಟು ಕಂಬಗಳೆಂದೇ ಎಣಿಸೋಣ, ಯಾವುದೂ ಇನ್ನೊಂದನ್ನು ಮರೆಮಾಡುವುದಿಲ್ಲ ಅನ್ನೋಣ. ನಡುವೆ ಒಂದು ದೀಪ. ಒಂದೇ ಪ್ರತಿಫಲನದಿಂದ ನಿಮ್ಮ ಕಣ್ಣಿಗೆ ಬರುವ ಪ್ರತಿಬಿಂಬಗಳು ನಾಲ್ಕು, ಕಂಬಕ್ಕೊಂದು. ಎರಡು ಪ್ರತಿಫಲನದವು ಹನ್ನೆರಡು, ಏಕೆಂದರೆ ಒಂದೊಂದು ಕಂಬವೂ ಉಳಿದ ಮೂರನ್ನು ತೋರಿಸುತ್ತದೆ. ಮೂರು ಪ್ರತಿಫಲನದವು 36. ನಾಲ್ಕರವು 108. ಮುಂದೆ ಪ್ರತಿ ಸಲವೂ ಮೂರು ಪಟ್ಟು. ಕಂಬಗಳ ಹೆಸರುಗಳನ್ನು ಯಾವ ಅನುಕ್ರಮದಲ್ಲಿ ಬರೆದರೂ, ಒಂದೇ ಕಂಬ ಬೆನ್ನುಬೆನ್ನಿಗೆ ಎರಡು ಸಲ ಬರದಿದ್ದರಾಯಿತು, ಆ ಅನುಕ್ರಮಕ್ಕೆ ಸರಿಯಾಗಿ ಒಂದೇ ಒಂದು ಬೆಳಕಿನ ಹಾದಿ ಇರುತ್ತದೆ. ಇದು ಗಣಿತಜ್ಞರು ಸಾಧಿಸಿ ತೋರಿಸಿರುವ ಮಾತು. ಹತ್ತನೆಯ ಪ್ರತಿಫಲನಕ್ಕೆ 78,732 ಪ್ರತಿಬಿಂಬಗಳು. ಇಪ್ಪತ್ತನೆಯದಕ್ಕೆ ಸುಮಾರು 465 ಕೋಟಿ. ಮೊದಲಿನಿಂದ ಇಪ್ಪತ್ತರವರೆಗೆ ಕೂಡಿದರೆ 697 ಕೋಟಿ. ಇಪ್ಪತ್ತೊಂದನ್ನೂ ಸೇರಿಸಿದರೆ 2,092 ಕೋಟಿ, ಭೂಮಿಯ ಮೇಲಿರುವ ಒಬ್ಬೊಬ್ಬರಿಗೂ ಎರಡೆರಡು ಹಂಚಿ ಮಿಗುವಷ್ಟು. ಎದುರುಬದುರಿನ ಎರಡು ಚಪ್ಪಟೆ ಕನ್ನಡಿಗಳಲ್ಲಿ ಇಪ್ಪತ್ತು ಪ್ರತಿಫಲನಕ್ಕೆ ಸಿಗುತ್ತಿದ್ದದ್ದು ಬರೇ 40.

ಚಪ್ಪಟೆ ಕನ್ನಡಿಗಳಲ್ಲಿ ಕೂಡುವ ಲೆಕ್ಕ, ಉರುಟು ಕಂಬಗಳಲ್ಲಿ ಗುಣಿಸುವ ಲೆಕ್ಕ. ವ್ಯತ್ಯಾಸ ಇಷ್ಟೇ, ಪರಿಣಾಮ ಇಷ್ಟು. ಉಬ್ಬಿದ ಮೇಲ್ಮೈ ಪಕ್ಕಪಕ್ಕದ ಎರಡು ಕಿರಣಗಳನ್ನು ದೂರ ದೂರ ಚೆದುರಿಸುತ್ತದೆ, ಹಾಗೆ ಚೆದುರಿದವು ಮುಂದಿನ ಕಂಬದಲ್ಲಿ ಇನ್ನೂ ಚೆದುರುತ್ತವೆ. 1999ರಲ್ಲಿ ಅಮೆರಿಕದ ಸ್ವೀಟ್, ಆಟ್ ಮತ್ತು ಯಾರ್ಕ್ ಎಂಬ ವಿಜ್ಞಾನಿಗಳು ಕ್ರಿಸ್‌ಮಸ್ ಅಲಂಕಾರದಂಥ ನಾಲ್ಕು ಹೊಳೆಯುವ ಗೋಳಗಳನ್ನು ಒಂದಕ್ಕೊಂದು ತಾಗಿಸಿ ಪೇರಿಸಿ, ಅವುಗಳ ನಡುವಿನ ಸಂದಿಗಳಿಗೆ ಬೇರೆ ಬೇರೆ ಬಣ್ಣದ ಬೆಳಕು ಹಾಯಿಸಿ ಇದೇ ಚೆದುರಾಟವನ್ನು ಅಧ್ಯಯನ ಮಾಡಿದರು. ಆ ಬಣ್ಣಗಳ ಗಡಿಯ ಯಾವ ಬಿಂದುವನ್ನು ನೋಡಿದರೂ ಅಲ್ಲಿ ಎಲ್ಲ ಬಣ್ಣಗಳೂ ಒಟ್ಟಿಗೆ ಸೇರುತ್ತವೆ. ಅವರ ಲೇಖನ ‘ನೇಚರ್’ ಪತ್ರಿಕೆಯಲ್ಲಿ ಬಂತು. ನಮ್ಮ ತರೀಕೆರೆ ತಾಲ್ಲೂಕಿನಲ್ಲಿ ಅಂಥದೇ ಉಪಕರಣ ಎಂಟುನೂರು ವರ್ಷಗಳಿಂದ ನಿಂತಿದೆ.

ಅಮೃತಾಪುರದಲ್ಲಿ ಕೋಟಿ ಪ್ರತಿಬಿಂಬ ಕಣ್ಣಿಗೆ ಬೀಳುವುದಿಲ್ಲವೇಕೆ? ಎರಡು ಕಾರಣ. ಒಂದು, ಪ್ರತಿಬಿಂಬ ಕುಗ್ಗುವ ವೇಗ. 60 ಸೆಂಟಿಮೀಟರ್ ದಪ್ಪದ ಕಂಬ, 2 ಮೀಟರ್ ದೂರ ಎಂದಿಟ್ಟುಕೊಂಡರೆ ಪ್ರತಿ ಪ್ರತಿಫಲನಕ್ಕೂ ಆಕೃತಿಯ ಅಗಲ ಹದಿನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಅರ್ಧ ಮೀಟರ್ ಅಗಲದ ನಿಮ್ಮ ಭುಜ ಮೊದಲ ಕಂಬದಲ್ಲಿ ಮೂರೂವರೆ ಸೆಂಟಿಮೀಟರ್, ಎರಡನೆಯದರಲ್ಲಿ ಎರಡೂವರೆ ಮಿಲಿಮೀಟರ್. ಐದನೆಯ ಪ್ರತಿಫಲನಕ್ಕೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಆರನೆಯದಕ್ಕೆ ಅದು ಬೆಳಕಿನ ಅಲೆಯ ಉದ್ದಕ್ಕಿಂತಲೂ ಕಿರಿದಾಯಿತು. ಅಲ್ಲಿಗೆ ಪ್ರತಿಬಿಂಬ ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ. ಇನ್ನೊಂದು, ನಯವಾದ ಕಲ್ಲು ನೇರವಾಗಿ ಬಿದ್ದ ಬೆಳಕಿನಲ್ಲಿ ಕನ್ನಡಿಯಂತೆ ಮರಳಿಸುವುದು ನೂರಕ್ಕೆ ನಾಲ್ಕೈದು ಪಾಲು ಮಾತ್ರ. ಎರಡು ಪ್ರತಿಫಲನಕ್ಕೆ ನಾನೂರರಲ್ಲಿ ಒಂದು, ಮೂರಕ್ಕೆ ಎಂಟು ಸಾವಿರದಲ್ಲಿ ಒಂದು. ಓರೆಯಾಗಿ ನೋಡಿದರೆ ಈ ಪಾಲು ಬಹಳ ಹೆಚ್ಚುತ್ತದೆ. ಹಾಗಾಗಿ ಕಂಬದ ಅಂಚುಗಳೇ ಹೆಚ್ಚು ಮಿಂಚುತ್ತವೆ.

ಎಣಿಕೆಗೆ ಕೊನೆಯಿಲ್ಲ, ಬೆಳಕಿಗೆ ಕೊನೆಯಿದೆ. ಕನ್ನಡಿಗಳ ವಿಜ್ಞಾನ ಸೆಣಸಿರುವುದೆಲ್ಲ ಈ ಕೊನೆಯನ್ನು ಮುಂದೂಡುವುದಕ್ಕೆ. ಅಮೆರಿಕದ ಲೈಗೋ ಪ್ರಯೋಗಾಲಯದ ಕನ್ನಡಿಗಳು ತಲಾ 40 ಕಿಲೋ ತೂಗುತ್ತವೆ, ತಮ್ಮ ಮೇಲೆ ಬಿದ್ದ 33 ಲಕ್ಷ ಫೋಟಾನುಗಳಲ್ಲಿ ಸುಮಾರು ಒಂದನ್ನು ಮಾತ್ರ ಹೀರುತ್ತವೆ. 4 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಬೆಳಕು ಸುಮಾರು 300 ಸಲ ಹಾಯ್ದು, 1,200 ಕಿಲೋಮೀಟರ್ ಓಡಿದಷ್ಟಾಗುತ್ತದೆ. 2015ರ ಸೆಪ್ಟೆಂಬರ್ 14ರಂದು ಅಲ್ಲಿ ಮೊದಲ ಸಲ ಗುರುತ್ವ ಅಲೆ ಸಿಕ್ಕಿತು. ಎರಡು ಕಪ್ಪುಕುಳಿಗಳು ಕೂಡಿಕೊಂಡ ಆ ಸಂಕೇತದ ಕೊನೆಯಲ್ಲಿ, ಬಡಿದ ಗಂಟೆಯ ನಾದದಂತೆ ತಗ್ಗುತ್ತ ಹೋಗುವ ಭಾಗವಿತ್ತು. ಕಪ್ಪುಕುಳಿ ಹಾಗೆ ಮಿಡಿಯುತ್ತದೆಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ಕನ್ನಡದ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ. ಕನ್ನಡಿಗರೊಬ್ಬರ ಲೆಕ್ಕ ನಿಜವೆಂದು ಗೊತ್ತಾಗಲು ಕನ್ನಡಿಗಳ ನಡುವೆ ಬೆಳಕು ಮುನ್ನೂರು ಸಲ ಓಡಬೇಕಾಯಿತು.

ಕಡೂರಿನ ಅಂಗಡಿಗೆ ಲೈಗೋದ ಕನ್ನಡಿಗಳನ್ನೇ ತಂದು ಹಾಕಿದರೆ? ಹೀರುವುದೊಂದನ್ನೇ ಲೆಕ್ಕಕ್ಕೆ ಹಿಡಿದರೆ, ದೀಪ ಆರಿಸಿದ ಮೇಲೆ ಒಂದೂವರೆ ಕೋಟಿ ಪ್ರತಿಫಲನ, 30,000 ಕಿಲೋಮೀಟರ್ ಓಟ, ಅಷ್ಟರಲ್ಲಿ ನೂರರಲ್ಲಿ ಒಂದು ಪಾಲು ಉಳಿದಿರುತ್ತದೆ. ಅದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಹತ್ತನೇ ಒಂದು ಭಾಗ.

ಬಹಳ ಪ್ರತಿಬಿಂಬ ಬೇಡದ ಕನ್ನಡಿಗಳೂ ಇವೆ. ಮೂರು ಕನ್ನಡಿಗಳು ಪರಸ್ಪರ ಲಂಬವಾಗಿ, ಕೋಣೆಯ ಮೂಲೆಯಂತೆ ಸೇರಿದಾಗ ಪ್ರತಿಬಿಂಬ ಏಳೇ. ಆದರೆ ಅದರೊಳಗೆ ಬಿದ್ದ ಕಿರಣ ಎಲ್ಲಿಂದ ಬಂತೋ ಅತ್ತಲೇ ತಿರುಗಿ ಹೋಗುತ್ತದೆ. ಸೈಕಲ್ಲಿನ ಹಿಂದಿನ ಕೆಂಪು ರಿಫ್ಲೆಕ್ಟರಿನಲ್ಲಿ ಇರುವುದು ಇಂಥ ಪುಟ್ಟ ಮೂಲೆಗಳ ಗುಂಪು. ಬೀರೂರಿನ ಹೆದ್ದಾರಿಯಲ್ಲಿ ರಾತ್ರಿ ಲಾರಿಯ ಬೆಳಕು ಲಾರಿಯವನ ಕಣ್ಣಿಗೇ ಮರಳುವುದು ಅದರಿಂದ. 1971ರಲ್ಲಿ ಅಪೊಲೊ 15ರ ಯಾತ್ರಿಗಳು ಇಂಥ 300 ಮೂಲೆಗಳ ಫಲಕವನ್ನು ಚಂದ್ರನ ಮೇಲೆ ಇಟ್ಟು ಬಂದರು. ಭೂಮಿಯಿಂದ ಬಿಟ್ಟ ಲೇಸರ್ ಎರಡೂವರೆ ಸೆಕೆಂಡಿನಲ್ಲಿ ಹಿಂದಿರುಗುತ್ತದೆ. ಹೋದ ಫೋಟಾನುಗಳಲ್ಲಿ ಹಿಂದೆ ಸಿಗುವುದು 1ರ ಮುಂದೆ 17 ಸೊನ್ನೆ ಹಾಕಿದಷ್ಟರಲ್ಲಿ ಒಂದು. ಅಷ್ಟರಿಂದಲೇ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆಂದು ಅಳೆದಿದ್ದಾರೆ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ನಮ್ಮ ವಿಕ್ರಮ್ ನೌಕೆಯ ಮೇಲೂ ಎಂಟು ಮೂಲೆಗಳ, ಎರಡಂಗುಲ ಅಗಲದ ಇಂಥದೊಂದು ಸಾಧನವಿದೆ. ಅದೇ ವರ್ಷದ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುವ ನಾಸಾ ನೌಕೆ 100 ಕಿಲೋಮೀಟರ್ ದೂರದಿಂದ ಲೇಸರ್ ಬಿಟ್ಟಿತು, ವಿಕ್ರಮ್ ಅದನ್ನು ಮರಳಿಸಿತು.

ಕಡೂರು, ತರೀಕೆರೆ, ಅಜ್ಜಂಪುರದ ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ. ಎರಡು ಚಿಕ್ಕ ಕನ್ನಡಿ, ಒಂದು ಕೋನಮಾಪಕ ಕೊಟ್ಟರೆ ಏಳನೆಯ ತರಗತಿಯ ಮಕ್ಕಳು 3, 5, 7, 11ನ್ನು ತಾವೇ ಎಣಿಸುತ್ತಾರೆ. ಸೂತ್ರವನ್ನು ಆಮೇಲೆ ಹೇಳಿ. ಶಾಲೆಯ ಪ್ರವಾಸದಲ್ಲಿ ಅಮೃತಾಪುರಕ್ಕೆ ಕರೆದುಕೊಂಡು ಹೋದಾಗ ಒಂದು ಅಂಕಣದ ನಡುವೆ ಮಕ್ಕಳನ್ನು ನಿಲ್ಲಿಸಿ, ಕಂಬದೊಳಗಿನ ಕಂಬ ಎಷ್ಟರವರೆಗೆ ಕಾಣುತ್ತದೆಂದು ಹುಡುಕಿಸಿ. ಕಂಬಗಳನ್ನು ಮುಟ್ಟಿ ಸವರಲು, ಮೇಲೆ ಹೆಸರು ಗೀಚಲು ಮಾತ್ರ ಬಿಡಬೇಡಿ. ಒಂದು ಗೀರು ಬಿದ್ದ ಕಡೆ ಆ ಹೊಳಪನ್ನು ಮತ್ತೆ ತರಲು ಆಗುವುದಿಲ್ಲ.